ಯಾವ ಮನೆಗೂ ಸೇರದ ಸಿನಿಮಾ: ಉದಯ ಶಂಕರರ 'ಕಲ್ಪನಾ'

'ಸಂಗೀತಪ್ರಧಾನ ಸಿನಿಮಾ' ಎಂಬ ಮಾತು ನಮ್ಮ ದೇಶದಲ್ಲಿ ಸ್ವಲ್ಪ ವಿಚಿತ್ರವಾಗಿ ಕೇಳಿಸುತ್ತದೆ. ನಮ್ಮಲ್ಲಿ ಕೊಲೆಯ ಕಥೆಯಲ್ಲೂ ಹಾಡಿರುತ್ತದೆ, ದೆವ್ವದ ಕಥೆಯಲ್ಲೂ ಹಾಡಿರುತ್ತದೆ, ಕೋರ್ಟಿನ ಕಥೆಯಲ್ಲೂ ಒಂದು ಹಾಡಿಗೆ ಜಾಗ ಮಾಡಿಕೊಡುತ್ತಾರೆ. 1931ರಲ್ಲಿ ಬಂದ ಭಾರತದ ಮೊದಲ ವಾಕ್ಚಿತ್ರ 'ಆಲಂ ಆರಾ'ದಲ್ಲಿಯೇ ಏಳು ಹಾಡುಗಳಿದ್ದವು. ಅದರ ಮರುವರ್ಷದ 'ಇಂದ್ರಸಭಾ'ದಲ್ಲಿ ಎಪ್ಪತ್ತರ ಆಸುಪಾಸು. ಕಂಪನಿ ನಾಟಕಗಳ ರಂಗಗೀತೆಗಳನ್ನು ಕೇಳಿ ಬೆಳೆದ ಪ್ರೇಕ್ಷಕರಿಗೆ ಹಾಡಿಲ್ಲದ ಕಥೆಯೇ ಅಪರೂಪ. ಹೀಗಿರುವಾಗ ಯಾವುದನ್ನು ಸಂಗೀತಪ್ರಧಾನ ಎಂದು ಕರೆಯುವುದು?

ನಾನು ನನ್ನ ಅನುಕೂಲಕ್ಕೆ ಒಂದು ಸರಳ ಪರೀಕ್ಷೆ ಇಟ್ಟುಕೊಂಡಿದ್ದೇನೆ. ಹಾಡು, ಕುಣಿತಗಳನ್ನು ತೆಗೆದುಹಾಕಿದರೂ ಕಥೆ ನಿಲ್ಲುವುದಾದರೆ ಅದು ಹಾಡುಗಳಿರುವ ಸಿನಿಮಾ. ತೆಗೆದುಹಾಕಿದ ಕೂಡಲೇ ಕಥೆಯೇ ಕುಸಿಯುವುದಾದರೆ ಅದು ಸಂಗೀತಪ್ರಧಾನ ಸಿನಿಮಾ. ಈ ಪರೀಕ್ಷೆಯಲ್ಲಿ ನಮ್ಮ ನೂರಾರು 'ಹಾಡಿನ ಚಿತ್ರ'ಗಳು ಬಿದ್ದುಹೋಗುತ್ತವೆ. ಗೆಲ್ಲುವ ಕೆಲವೇ ಚಿತ್ರಗಳಲ್ಲಿ ಒಂದು, 1948ರಲ್ಲಿ ತೆರೆಕಂಡ 'ಕಲ್ಪನಾ'. ನೃತ್ಯಗಾರ ಉದಯ ಶಂಕರ್ ತಮ್ಮ ಜೀವಮಾನದಲ್ಲಿ ನಿರ್ದೇಶಿಸಿದ ಒಂದೇ ಒಂದು ಕಥಾಚಿತ್ರ. ಎರಡೂವರೆ ಗಂಟೆಯ ಈ ಚಿತ್ರದಲ್ಲಿ ಹತ್ತಾರು ನೃತ್ಯಗಳಿವೆ. ಅವನ್ನು ತೆಗೆದರೆ ಉಳಿಯುವುದು ಒಂದು ಸಾಧಾರಣ ತ್ರಿಕೋನ ಪ್ರೇಮಕಥೆಯ ಚೂರುಗಳು ಮಾತ್ರ.

ನನ್ನ ಸಂಶೋಧನೆ ಸ್ವಾತಂತ್ರ್ಯದ ಹಿಂದುಮುಂದಿನ ದಶಕಗಳ ಸಿನಿಮಾ ಮತ್ತು ನೃತ್ಯದ ಸಂಬಂಧವನ್ನು ಕುರಿತದ್ದು. ಆರಂಭದ ಒಂದು ವಿಚಾರಣಾ ಸಭೆಯಲ್ಲಿ ಹಿರಿಯರೊಬ್ಬರು ಕೇಳಿದ ಪ್ರಶ್ನೆ ಈಗಲೂ ಜೊತೆಗಿದೆ: "ನೀವು ಹೇಳುತ್ತಿರುವ ಈ ಚಿತ್ರ ಯಾರಿಗೆ ಸೇರಿದ್ದು? ಸಿನಿಮಾದವರಿಗೋ, ನೃತ್ಯದವರಿಗೋ?" ಅವರು ಕೇಳಿದ್ದು ಯಾವ ವಿಭಾಗಕ್ಕೆ ಪ್ರಬಂಧ ಕಳಿಸಬೇಕು ಎಂಬ ಆಡಳಿತದ ಕಾರಣಕ್ಕೆ. ಆದರೆ 'ಕಲ್ಪನಾ' ಏಕೆ ಮರೆತುಹೋಯಿತು ಎಂಬುದಕ್ಕೆ ಆ ಪ್ರಶ್ನೆಯೊಳಗೇ ಉತ್ತರವಿದೆ ಎಂದು ನನಗೆ ಅನ್ನಿಸುತ್ತದೆ.

ಗುರುವಿಲ್ಲದ ನರ್ತಕ

ಉದಯ ಶಂಕರ್ ಹುಟ್ಟಿದ್ದು 1900ರ ಡಿಸೆಂಬರ್ 8ರಂದು, ಉದಯಪುರದಲ್ಲಿ. ಸಿತಾರ್ ವಾದಕ ರವಿಶಂಕರ್ ಅವರ ಹಿರಿಯಣ್ಣ ಎಂದರೆ ಇವತ್ತಿನವರಿಗೆ ಬೇಗ ತಿಳಿಯುತ್ತದೆ. ಆದರೆ 1930ರ ದಶಕದಲ್ಲಿ ಪರಿಚಯ ತಿರುಗುಮುರುಗಾಗಿತ್ತು. ರವಿಶಂಕರ್ ಆಗ ಅಣ್ಣನ ತಂಡದಲ್ಲಿ ಕುಣಿಯುತ್ತಿದ್ದ ಹುಡುಗ.

ಉದಯ ಶಂಕರ್ ಓದಲು ಹೋದದ್ದು ಚಿತ್ರಕಲೆ. ಮುಂಬಯಿಯ ಜೆ.ಜೆ. ಕಲಾಶಾಲೆ, ಆಮೇಲೆ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್. ಅಲ್ಲಿ ರಷ್ಯಾದ ಬ್ಯಾಲೆ ನರ್ತಕಿ ಅನ್ನಾ ಪಾವ್ಲೋವಾ ಅವರ ಕಣ್ಣಿಗೆ ಬಿದ್ದು, 1923ರಲ್ಲಿ ಅವರಿಗಾಗಿ ಹಿಂದೂ ಮದುವೆ ಮತ್ತು ರಾಧಾಕೃಷ್ಣ ಎಂಬ ಎರಡು ನೃತ್ಯಗಳನ್ನು ಸಂಯೋಜಿಸಿದರು. ಸ್ವತಃ ಕೃಷ್ಣನಾಗಿ ಪಾವ್ಲೋವಾ ಜೊತೆ ಕುಣಿದರು. ಗಮನಿಸಬೇಕಾದ ಸಂಗತಿಯೆಂದರೆ, ಆ ಹೊತ್ತಿಗೆ ಅವರು ಭಾರತದ ಯಾವ ನೃತ್ಯಪದ್ಧತಿಯನ್ನೂ ಕ್ರಮವಾಗಿ ಕಲಿತಿರಲಿಲ್ಲ. ಊರಿನಲ್ಲಿ ಕಂಡ ಜಾನಪದ ಕುಣಿತ, ಶಿಲ್ಪ, ಚಿತ್ರ, ತನ್ನ ಮೈಯ ತಿಳಿವಳಿಕೆ ಇವಿಷ್ಟೇ ಬಂಡವಾಳ.

ಸ್ವಿಸ್ ಶಿಲ್ಪಿ ಆಲಿಸ್ ಬೋನರ್ ಅವರ ನೆರವಿನಿಂದ ಕಟ್ಟಿದ ತಂಡ 1931ರಲ್ಲಿ ಪ್ಯಾರಿಸಿನಲ್ಲಿ ಮೊದಲ ಪ್ರದರ್ಶನ ಕೊಟ್ಟಿತು. ಅದರಲ್ಲಿ ಫ್ರೆಂಚ್ ನರ್ತಕಿ ಸಿಮ್ಕಿ ಇದ್ದರು. ಸಂಗೀತಕ್ಕೆ ತಿಮಿರ್ ಬರನ್, ವಿಷ್ಣುದಾಸ್ ಶಿರಾಲಿ. ಮುಂದೆ ಒಂದು ಪ್ರವಾಸದಲ್ಲಿ ಉಸ್ತಾದ್ ಅಲ್ಲಾವುದ್ದೀನ್ ಖಾನರೂ ಜೊತೆಗಿದ್ದರು. ಹೀಗೆ ಯುರೋಪು, ಅಮೆರಿಕ ಸುತ್ತಿದ ಮೇಲೆ, 1930ರ ದಶಕದ ಕೊನೆಯಲ್ಲಿ ಉದಯ ಶಂಕರ್ ಹಿಮಾಲಯದ ತಪ್ಪಲಿನ ಅಲ್ಮೋರಾದಲ್ಲಿ ಒಂದು ಸಂಸ್ಕೃತಿ ಕೇಂದ್ರ ತೆರೆದರು. ಇಂಗ್ಲೆಂಡಿನ ಡಾರ್ಟಿಂಗ್ಟನ್ ಹಾಲ್ ನಡೆಸುತ್ತಿದ್ದ ಎಲ್ಮ್‌ಹರ್ಸ್ಟ್ ದಂಪತಿ ಹಣದ ನೆರವು ಕೊಟ್ಟರು. ಕಥಕ್ಕಳಿಗೆ ಶಂಕರನ್ ನಂಬೂದಿರಿ, ಭರತನಾಟ್ಯಕ್ಕೆ ಕಂದಪ್ಪ ಪಿಳ್ಳೈ, ಮಣಿಪುರಿಗೆ ಅಮೋಬಿ ಸಿಂಗ್, ಸಂಗೀತಕ್ಕೆ ಅಲ್ಲಾವುದ್ದೀನ್ ಖಾನ್. ಒಂದೇ ಅಂಗಳದಲ್ಲಿ ಇಷ್ಟು ಪರಂಪರೆಗಳ ಗುರುಗಳು ಕೂತು ಕಲಿಸಿದ ಶಾಲೆ ಅದಕ್ಕೆ ಮೊದಲು ಇದ್ದಂತಿಲ್ಲ. ವಿದ್ಯಾರ್ಥಿಗಳು ಒಂದನ್ನೇ ಹಿಡಿದು ಪಾರಂಗತರಾಗಬೇಕೆಂದು ಉದಯ ಶಂಕರ್ ಬಯಸಲಿಲ್ಲ. ಎಲ್ಲವನ್ನೂ ಮೈಗೆ ಹಚ್ಚಿಕೊಂಡು ತಮ್ಮದೇ ಚಲನೆ ಹುಡುಕಬೇಕೆಂಬುದು ಅವರ ಪಾಠ.

ಯುದ್ಧದ ದಿನಗಳಲ್ಲಿ ಹಣ ಬತ್ತಿತು. 1944ರಲ್ಲಿ ಕೇಂದ್ರ ಮುಚ್ಚಿತು. ಮುಚ್ಚಿದ ಕೇಂದ್ರವನ್ನು ಉದಯ ಶಂಕರ್ ಸಿನಿಮಾದೊಳಗೆ ಮತ್ತೆ ಕಟ್ಟಲು ಹೊರಟರು. 'ಕಲ್ಪನಾ' ಹುಟ್ಟಿದ್ದು ಹೀಗೆ.

ಜೆಮಿನಿ ಸ್ಟುಡಿಯೋದೊಳಗೆ ಹಿಮಾಲಯ

ಚಿತ್ರೀಕರಣ ನಡೆದದ್ದು ಮದ್ರಾಸಿನ ಜೆಮಿನಿ ಸ್ಟುಡಿಯೋದಲ್ಲಿ. ಛಾಯಾಗ್ರಹಣ ಕೆ. ರಾಮನಾಥ್ ಅವರದು, ಸಂಗೀತ ವಿಷ್ಣುದಾಸ್ ಶಿರಾಲಿಯವರದು. ನಾಯಕಿ ಉಮಾ ಪಾತ್ರದಲ್ಲಿ ಉದಯ ಶಂಕರರ ಪತ್ನಿ ಅಮಲಾ ಶಂಕರ್, ಅವಳ ಎದುರಾಳಿ ಕಾಮಿನಿಯಾಗಿ ಲಕ್ಷ್ಮೀಕಾಂತಾ. ಮುಂದೆ ದಕ್ಷಿಣದ ಎಲ್ಲ ಭಾಷೆಗಳಲ್ಲೂ ಹೆಸರಾದ ಪದ್ಮಿನಿ ಇದರಲ್ಲಿ ಇನ್ನೂ ಹದಿಹರೆಯದ ನರ್ತಕಿ. ಸಾಹಿತ್ಯದ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕಾದ ಎರಡು ಹೆಸರುಗಳು ಶೀರ್ಷಿಕೆಯಲ್ಲಿವೆ. ಸಂಭಾಷಣೆ ಹಿಂದಿ ಕಾದಂಬರಿಕಾರ ಅಮೃತಲಾಲ್ ನಾಗರ್ ಅವರದು. ಗೀತೆಗಳು ಸುಮಿತ್ರಾನಂದನ ಪಂತರವು. ನಮ್ಮ ಕುವೆಂಪು ಅವರಿಗೆ ಜ್ಞಾನಪೀಠ ಬಂದ ಮರುವರ್ಷ, 1968ರ ಜ್ಞಾನಪೀಠ ಪಡೆದ ಕವಿ ಇವರೇ. ಛಾಯಾವಾದದ ಕವಿಯೊಬ್ಬರು ಸಿನಿಮಾಕ್ಕೆ ಬರೆದರು ಎಂಬುದನ್ನು ಸಾಹಿತ್ಯ ಚರಿತ್ರೆಗಳು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ. ಆದರೆ ಹಾಡನ್ನು ನೃತ್ಯದ ಅಡಿಪಾಯವಾಗಿ ಬರೆಯುವುದು ಬೇರೆಯೇ ಕೆಲಸ. ಅಲ್ಲಿ ಪದಕ್ಕಿಂತ ಮೊದಲು ಹೆಜ್ಜೆಯ ಲೆಕ್ಕ ಇರುತ್ತದೆ.

ಚಿತ್ರದ ಚೌಕಟ್ಟು ಹೀಗಿದೆ. ಬರಹಗಾರನೊಬ್ಬ ಸಿನಿಮಾ ನಿರ್ಮಾಪಕನ ಬಳಿ ಬಂದು ಒಂದು ಕಥೆ ಹೇಳುತ್ತಾನೆ. ನಿರ್ಮಾಪಕನಿಗೆ ಗಲ್ಲಾಪೆಟ್ಟಿಗೆಯದೇ ಧ್ಯಾನ. ಕಥೆಯೊಳಗಿನ ನಾಯಕ ಉದಯನ್. ಬಾಲ್ಯದಿಂದ ಕುಣಿತದ ಹುಚ್ಚು. ದೊಡ್ಡವನಾಗಿ, ಹಿಮಾಲಯದ ಮಡಿಲಲ್ಲಿ ಒಂದು ಕಲಾಕೇಂದ್ರ ಕಟ್ಟುತ್ತಾನೆ. ಅದನ್ನು ಉಳಿಸಲು ಹಣ ಬೇಕು. ಹಣಕ್ಕಾಗಿ ರಾಜಮಹಾರಾಜರನ್ನೂ ಸಾಹುಕಾರರನ್ನೂ ಕರೆದು ಉತ್ಸವ ಮಾಡುತ್ತಾನೆ. ಉತ್ಸವದ ನೃತ್ಯಗಳು ಆ ಅತಿಥಿಗಳನ್ನೇ ಅಣಕಿಸುತ್ತವೆ. ಎಲ್ಲ ಮುಗಿದ ಮೇಲೆ ನಾವು ಮತ್ತೆ ನಿರ್ಮಾಪಕನ ಕೋಣೆಗೆ ಬರುತ್ತೇವೆ. ಈ ಕಥೆ ಓಡುವುದಿಲ್ಲವೆಂದು ಅವನು ಬರಹಗಾರನನ್ನು ಸಾಗಹಾಕುತ್ತಾನೆ.

ತನ್ನ ಸೋಲನ್ನು ತಾನೇ ಮೊದಲು ಚಿತ್ರಿಸಿಕೊಂಡ ಸಿನಿಮಾ ಇದು. ಚಿತ್ರ ಶುರುವಾಗುವ ಮೊದಲೇ ತೆರೆಯ ಮೇಲೆ ಪ್ರೇಕ್ಷಕರಿಗೆ ಒಂದು ಬಿನ್ನಹ ಬರುತ್ತದೆ: ಇದು ಮಾಮೂಲಿ ಚಿತ್ರವಲ್ಲ, ಘಟನೆಗಳು ವೇಗವಾಗಿ ಸಾಗುತ್ತವೆ, ದಯವಿಟ್ಟು ಎಚ್ಚರವಾಗಿ ನೋಡಿ ಎಂಬ ಅರ್ಥದ್ದು. ಪ್ರೇಕ್ಷಕರ ಮೇಲೆ ಇಷ್ಟು ನಂಬಿಕೆ, ಜೊತೆಗೆ ಇಷ್ಟು ಅಳುಕು ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಶುರುವಾಗುವ ಇನ್ನೊಂದು ಭಾರತೀಯ ಚಿತ್ರವನ್ನು ನಾನು ಕಂಡಿಲ್ಲ.

ಕ್ಯಾಮೆರಾ ಕುಣಿಯುವುದೆಂದರೆ

ಹಾಸ್ಟೆಲ್ಲಿನ ಕೋಣೆಯಲ್ಲಿ ಒಮ್ಮೆ ಐದಾರು ಗೆಳೆಯರಿಗೆ ಈ ಚಿತ್ರ ತೋರಿಸಿದೆ. ಮೊದಮೊದಲು ಅವರ ಒಂದು ಕಣ್ಣು ಮೊಬೈಲಿನ ಮೇಲೆಯೇ ಇತ್ತು. ನಟನೆ ನಾಟಕೀಯ, ಮಾತು ಗಟ್ಟಿ, ಕಾಮಿನಿಯ ಹೊಟ್ಟೆಕಿಚ್ಚು ತೀರ ಹಳೆಯ ಸರಕು, ಅವರನ್ನು ದೂರುವಂತಿರಲಿಲ್ಲ. ಯಂತ್ರದ ನೃತ್ಯ ಬಂದಾಗ ಮಾತ್ರ ಎಲ್ಲರ ತಲೆಯೂ ಎದ್ದಿತು.

ಆ ಭಾಗಕ್ಕೆ ಮೂಲ, ಅಲ್ಮೋರಾದ ದಿನಗಳಲ್ಲಿ ಉದಯ ಶಂಕರ್ ರಂಗಕ್ಕೆ ತಂದಿದ್ದ 'ಲೇಬರ್ ಅಂಡ್ ಮೆಷಿನರಿ' ಎಂಬ ನೃತ್ಯರೂಪಕ. ಕಾರ್ಖಾನೆಯ ಕೆಲಸಗಾರರೇ ಇಲ್ಲಿ ಗಾಲಿ, ಸನ್ನೆಕೋಲು, ಕೊಂತ ಎಲ್ಲವೂ ಆಗುತ್ತಾರೆ. ತೋಳು ಏರಿಳಿಯುವುದು, ಕತ್ತು ತಿರುಗುವುದು, ಸೊಂಟ ಬಾಗುವುದು ಎಲ್ಲ ಒಂದೇ ಲಯದಲ್ಲಿ. ನೋಡನೋಡುತ್ತ ಮುಖಗಳ ಗುರುತು ಅಳಿಸಿಹೋಗುತ್ತದೆ. ಚಾಪ್ಲಿನ್ನರ 'ಮಾಡರ್ನ್ ಟೈಮ್ಸ್' (1936) ನೆನಪಾಗುವುದು ಸಹಜ. ಆದರೆ ಚಾಪ್ಲಿನ್ ಯಂತ್ರದೊಳಗೆ ಸಿಕ್ಕಿಕೊಂಡ ಮನುಷ್ಯ. ಉದಯ ಶಂಕರರಲ್ಲಿ ಮನುಷ್ಯರಿಂದಲೇ ಯಂತ್ರ ಮಾಡಿದೆ. ಈ ಮಾತನ್ನು ಸಂಭಾಷಣೆಯಲ್ಲಿ ಹೇಳಿದ್ದರೆ ಭಾಷಣವಾಗುತ್ತಿತ್ತು. ಮೈಯಲ್ಲಿ ಹೇಳಿದ್ದರಿಂದ ಅದು ನೋಡುವವರ ಮೈಗೂ ತಟ್ಟುತ್ತದೆ.

ರಂಗದ ನೃತ್ಯವನ್ನು ಹಾಗೆಯೇ ಚಿತ್ರೀಕರಿಸುವುದು ಸುಲಭ. ಕ್ಯಾಮೆರಾವನ್ನು ಮೊದಲ ಸಾಲಿನ ಕುರ್ಚಿಯಲ್ಲಿ ಕೂರಿಸಿದರಾಯಿತು. ನಮ್ಮ ಆರಂಭದ ವಾಕ್ಚಿತ್ರಗಳು ಬಹುಮಟ್ಟಿಗೆ ಮಾಡಿದ್ದು ಅದನ್ನೇ. 'ಕಲ್ಪನಾ'ದ ಕ್ಯಾಮೆರಾ ಆ ಕುರ್ಚಿಯಿಂದ ಎದ್ದುಬಿಟ್ಟಿದೆ. ಕೆಲವೊಮ್ಮೆ ನೆಲಕ್ಕೆ ಒರಗಿ ಪಾದಗಳನ್ನು ನೋಡುತ್ತದೆ, ಕೆಲವೊಮ್ಮೆ ಬರೀ ಕೈಗಳನ್ನು. ಗೋಡೆಯ ಮೇಲಿನ ನೆರಳು ಕುಣಿಯುವವರಿಗಿಂತ ದೊಡ್ಡದಾಗಿ ಬೆಳೆಯುತ್ತದೆ. ಒಂದು ಬಿಂಬದ ಮೇಲೆ ಇನ್ನೊಂದು ಕರಗಿ ಕೂಡಿಕೊಳ್ಳುತ್ತದೆ. ಶಿವ-ಪಾರ್ವತಿಯರ ನೃತ್ಯದಲ್ಲಿ ಬೆಳಕಿನ ಆಟ ನೋಡಿದರೆ, ಉದಯ ಶಂಕರ್ ಮೊದಲು ಚಿತ್ರಕಲೆಯ ವಿದ್ಯಾರ್ಥಿ ಎಂಬುದು ಅರ್ಥವಾಗುತ್ತದೆ. ಅವರಿಗೆ ತೆರೆ ಒಂದು ಕ್ಯಾನ್‌ವಾಸ್. ನೃತ್ಯ ಆರಂಭವಾಗುವುದು ನರ್ತಕರ ಹೆಜ್ಜೆಯಿಂದ. ಪೂರ್ತಿಯಾಗುವುದು ಸಂಕಲನದ ಮೇಜಿನಲ್ಲಿ.

ಚಿತ್ರದ ದೋಷಗಳನ್ನೂ ಹೇಳಬೇಕು. ಇಡೀ ಕಥೆ ಒಬ್ಬ ಗುರುವಿನ ಸುತ್ತ, ಅವನ ಪ್ರತಿಭೆಯ ಸುತ್ತ ತಿರುಗುತ್ತದೆ. ಹೆಣ್ಣುಗಳು ಅವನಿಗಾಗಿ ಜಗಳವಾಡಬೇಕು, ಅವನು ಮಾತ್ರ ದೇಶದ ಚಿಂತೆ ಮಾಡಬೇಕು. ಬುಡಕಟ್ಟುಗಳ, ಪ್ರಾಂತ್ಯಗಳ ಕುಣಿತಗಳು ಒಂದರ ಹಿಂದೆ ಒಂದು ಬಂದು ಹೋಗುವಾಗ, ಅವುಗಳ ಒಡೆಯರ ಹೆಸರು ನಮಗೆ ತಿಳಿಯುವುದಿಲ್ಲ. 'ಅನೇಕತೆಯಲ್ಲಿ ಏಕತೆ'ಯ ಮೆರವಣಿಗೆ ಮುಂದೆ ಗಣರಾಜ್ಯೋತ್ಸವಗಳಲ್ಲಿ ರೂಢಿಯಾಗುವ ಮೊದಲೇ ಇಲ್ಲಿ ಕಾಣುತ್ತದೆ. ಆ ಮೆರವಣಿಗೆಯ ಬಗ್ಗೆ ಇರುವ ತಕರಾರುಗಳೆಲ್ಲ ಇದಕ್ಕೂ ಅನ್ವಯಿಸುತ್ತವೆ. ಅದೇ ಚಿತ್ರ ಮಹಾರಾಜರನ್ನು, ಹಣವಂತರನ್ನು, ಬಾಯಿಪಾಠದ ಶಿಕ್ಷಣವನ್ನು ಗೇಲಿ ಮಾಡುವಾಗ ತೋರುವ ಧೈರ್ಯವೂ ಸಣ್ಣದಲ್ಲ. ಸ್ವಾತಂತ್ರ್ಯ ಬಂದು ತಿಂಗಳುಗಳಾಗಿದ್ದ ಹೊತ್ತಿನಲ್ಲಿ, ಹೊಸ ದೇಶ ಹೇಗಿರಬೇಕು ಎಂಬ ವಾದವನ್ನು ಕುಣಿತದ ಭಾಷೆಯಲ್ಲಿ ಹೂಡಿದ ಚಿತ್ರವಿದು.

ಒಂದೇ ವರ್ಷ, ಮೂರು ಚಿತ್ರಗಳು

1948ನೆಯ ಇಸವಿಯನ್ನು ನೃತ್ಯ ಸಿನಿಮಾದ ದೃಷ್ಟಿಯಿಂದ ನೋಡಿದರೆ ಕುತೂಹಲ ಹುಟ್ಟುತ್ತದೆ. ಅದೇ ವರ್ಷ, ಅದೇ ಜೆಮಿನಿ ಸ್ಟುಡಿಯೋದಿಂದ ಎಸ್.ಎಸ್. ವಾಸನ್ ಅವರ 'ಚಂದ್ರಲೇಖಾ' ಬಂತು. ದೈತ್ಯಾಕಾರದ ನಗಾರಿಗಳ ಮೇಲೆ ಸಾಲುಸಾಲು ನರ್ತಕಿಯರು ಕುಣಿಯುವ ಅದರ ದೃಶ್ಯವನ್ನು ಸಿನಿಮಾ ನೋಡದವರೂ ಕೇಳಿ ಬಲ್ಲರು. 'ಚಂದ್ರಲೇಖಾ' ಮೊದಲು ತಮಿಳಿನಲ್ಲಿ, ಅದೇ ವರ್ಷದ ಕೊನೆಗೆ ಹಿಂದಿಯಲ್ಲಿ ಬಂದು ದೇಶದಾದ್ಯಂತ ಓಡಿತು. ಮದ್ರಾಸಿನ ಚಿತ್ರವೊಂದು ಉತ್ತರವನ್ನು ಗೆದ್ದ ಕಥೆಯಾಗಿ ಚರಿತ್ರೆಯಲ್ಲಿ ಉಳಿಯಿತು. ಒಂದೇ ಸ್ಟುಡಿಯೋದ ಗೋಡೆಗಳೊಳಗೆ ಎರಡೂ ಚಿತ್ರಗಳು ರೂಪುಗೊಂಡವು. 'ಚಂದ್ರಲೇಖಾ'ದ ನಗಾರಿ ನೃತ್ಯ ಕಥೆಯ ಒಂದು ಅದ್ಭುತ ತಿರುವು. ನಗಾರಿಯೊಳಗೆ ಸೈನಿಕರು ಅಡಗಿರುತ್ತಾರೆ, ಕುಣಿತ ಮುಗಿದೊಡನೆ ಕತ್ತಿಗಳು ಹೊರಬರುತ್ತವೆ. ಪ್ರೇಕ್ಷಕನಿಗೆ ಕುಣಿತದ ಸುಖವೂ ಸಿಗುತ್ತದೆ, ಕಥೆಯ ಲಾಭವೂ ಸಿಗುತ್ತದೆ. 'ಕಲ್ಪನಾ'ದಲ್ಲಿ ಕುಣಿತವೇ ಕಥೆ. ಅದರಾಚೆಗೆ ಕೈಗೆ ಹತ್ತುವ ಲಾಭ ಕಡಿಮೆ.

ಅದೇ ವರ್ಷ ಇಂಗ್ಲೆಂಡಿನಲ್ಲಿ ಮೈಕೆಲ್ ಪೊವೆಲ್ ಮತ್ತು ಎಮೆರಿಕ್ ಪ್ರೆಸ್‌ಬರ್ಗರ್ ಅವರ 'ದ ರೆಡ್ ಶೂಸ್' ಬಂತು. ಅದರ ನಡುವಿನ ಕಾಲುಗಂಟೆಯಷ್ಟು ಉದ್ದದ ಬ್ಯಾಲೆ ರಂಗದ ಮೇಲೆ ಶುರುವಾಗಿ, ರಂಗದಲ್ಲಿ ಎಂದೂ ಸಾಧ್ಯವಾಗದ ಜಾಗಗಳಿಗೆ ನಮ್ಮನ್ನು ಕರೆದೊಯ್ಯುತ್ತದೆ. ಅದನ್ನು ಮಾಡಿಸಿದ ರ್‍ಯಾಂಕ್ ಸಂಸ್ಥೆಗೇ ಅದರ ಮೇಲೆ ನಂಬಿಕೆ ಇರಲಿಲ್ಲ. ಆದರೆ ನ್ಯೂಯಾರ್ಕಿನ ಒಂದು ಚಿತ್ರಮಂದಿರದಲ್ಲಿ ಅದು ಎರಡು ವರ್ಷಕ್ಕೂ ಹೆಚ್ಚು ಕಾಲ ಓಡಿತು. ಅಲ್ಲಿಂದ ಹಾಲಿವುಡ್ಡಿಗೆ ಧೈರ್ಯ ಬಂದು, 1951ರ 'ಆ್ಯನ್ ಅಮೆರಿಕನ್ ಇನ್ ಪ್ಯಾರಿಸ್'ನಲ್ಲಿ ಜೀನ್ ಕೆಲ್ಲಿ ಹದಿನೇಳು ನಿಮಿಷಗಳ ಬ್ಯಾಲೆ ಮಾಡಿದರು.

ಒಂದೇ ಹೊತ್ತಿನಲ್ಲಿ ಎರಡು ಖಂಡಗಳಲ್ಲಿ, ಕ್ಯಾಮೆರಾಕ್ಕಾಗಿಯೇ ನೃತ್ಯ ಕಟ್ಟುವ ಯೋಚನೆ ಎರಡು ಕಡೆ ಹುಟ್ಟಿತು. ಒಂದಕ್ಕೆ ಬ್ಯಾಲೆಯ ಪ್ರೇಕ್ಷಕವರ್ಗ, ಬ್ಯಾಲೆ ಕಂಪನಿಗಳು, ಸ್ಟುಡಿಯೋಗಳ ಸಂಗೀತ ಘಟಕಗಳು ಬೆನ್ನಿಗಿದ್ದವು. ಇನ್ನೊಂದಕ್ಕೆ ಇದ್ದದ್ದು ಒಬ್ಬ ನರ್ತಕ, ಮುಚ್ಚಿಹೋದ ಒಂದು ಶಾಲೆ. 'ಕಲ್ಪನಾ' ಹಣದ ಮಟ್ಟಿಗೆ ಸೋತಿತು. ಉದಯ ಶಂಕರ್ ಮತ್ತೆ ಕಥಾಚಿತ್ರ ಮಾಡಲಿಲ್ಲ. 1970ರಲ್ಲಿ ರಂಗವನ್ನೂ ಸಿನಿಮಾವನ್ನೂ ಬೆಸೆದು 'ಶಂಕರ್‌ಸ್ಕೋಪ್' ಎಂಬ ಪ್ರದರ್ಶನ ಕಟ್ಟಿದರು. 1977ರಲ್ಲಿ ಕೋಲ್ಕತ್ತದಲ್ಲಿ ತೀರಿಕೊಂಡರು.

ಎರಡು ಮನೆಗಳ ನಡುವೆ

ಸೋತ ಚಿತ್ರಗಳೆಲ್ಲ ಮರೆತುಹೋಗುವುದಿಲ್ಲ. ಬಂದಾಗ ಸೋತು, ಆಮೇಲೆ ತಲೆಮಾರುಗಳು ಹೊತ್ತು ತಿರುಗಿದ ಚಿತ್ರಗಳು ಎಷ್ಟೋ ಇವೆ. ಗುರುದತ್ ಅವರ 'ಕಾಗಜ್ ಕೆ ಫೂಲ್' (1959) ಅಂಥದ್ದು. 'ಕಲ್ಪನಾ'ಕ್ಕೆ ಆ ಎರಡನೆಯ ಬದುಕು ಬಹಳ ಕಾಲ ಏಕೆ ಸಿಗಲಿಲ್ಲ?

ನೃತ್ಯದ ಕಡೆಯಿಂದ ನೋಡೋಣ. 1930ರ ದಶಕದಿಂದ ಮದ್ರಾಸಿನಲ್ಲಿ ಇ. ಕೃಷ್ಣ ಅಯ್ಯರ್, ರುಕ್ಮಿಣಿದೇವಿ ಅರುಂಡೇಲ್ ಮೊದಲಾದವರು ಸದಿರ್ ಎಂಬ ದೇವದಾಸಿಯರ ಕಲೆಯನ್ನು 'ಭರತನಾಟ್ಯ'ವಾಗಿ ಮರುರೂಪಿಸುತ್ತಿದ್ದರು. 1947ರಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿ ದೇವದಾಸಿ ನಿಷೇಧ ಕಾನೂನೂ ಬಂತು. 1953ರಲ್ಲಿ ಸಂಗೀತ ನಾಟಕ ಅಕಾಡೆಮಿ ಸ್ಥಾಪನೆಯಾಗುವ ಹೊತ್ತಿಗೆ, ನೃತ್ಯಕ್ಕೆ ಗೌರವ ಸಿಗಬೇಕಾದರೆ ಅದಕ್ಕೊಂದು ಶಾಸ್ತ್ರ, ಒಂದು ಪರಂಪರೆ, ಒಂದು ಗುರುಕುಲದ ವಿಳಾಸ ಬೇಕು ಎಂಬ ನಿಲುವು ಗಟ್ಟಿಯಾಗಿತ್ತು. ಉದಯ ಶಂಕರರದ್ದು ಬೆರಕೆಯ ಕಲೆ. ಅವರಿಗೆ ಅಕಾಡೆಮಿಯ ಫೆಲೋಶಿಪ್ ಬಂತು, ಪದ್ಮವಿಭೂಷಣವೂ ಬಂತು. ಆದರೆ ಅವರ ಪದ್ಧತಿಗೆ ಪಠ್ಯಕ್ರಮದಲ್ಲಿ ಜಾಗ ಸಿಗಲಿಲ್ಲ. ಅದನ್ನು 'ಸೃಜನಶೀಲ ನೃತ್ಯ' ಎಂದು ಕರೆದು ಪಕ್ಕಕ್ಕಿಟ್ಟರು.

ಇದು ನಮಗೆ ಅಪರಿಚಿತ ಕಥೆಯೇನಲ್ಲ. ಶಿವರಾಮ ಕಾರಂತರು ಯಕ್ಷಗಾನದಲ್ಲಿ ಮಾತನ್ನು ಕಡಿಮೆ ಮಾಡಿ, ಕುಣಿತ ಮತ್ತು ಹಾಡಿಗೆ ಒತ್ತು ಕೊಟ್ಟು, ಪಿಟೀಲು, ಸ್ಯಾಕ್ಸೊಫೋನುಗಳನ್ನು ತಂದು 'ಯಕ್ಷಗಾನ ಬ್ಯಾಲೆ' ಕಟ್ಟಿದಾಗ ಎದ್ದ ತಕರಾರುಗಳನ್ನು ಕರಾವಳಿಯವರು ಬಲ್ಲರು. ಸಂಪ್ರದಾಯದವರಿಗೆ ಅದು ಯಕ್ಷಗಾನವಲ್ಲ. ಬ್ಯಾಲೆಯವರಿಗೆ ಅದು ಬ್ಯಾಲೆಯೂ ಅಲ್ಲ. ಕಾರಂತರೂ ಮೂಕಿಚಿತ್ರಗಳ ಕಾಲದಲ್ಲಿ ಸಿನಿಮಾ ಮಾಡಿ ಕೈಸುಟ್ಟುಕೊಂಡವರೇ. ಬೆರಕೆಯ ಪ್ರಯೋಗಗಳಿಗೆ ವಾರಸುದಾರರು ಸುಲಭವಾಗಿ ಸಿಗುವುದಿಲ್ಲ.

ಇನ್ನು ಸಿನಿಮಾದ ಕಡೆ. 1950ರ ದಶಕದ ನಂತರ ನಮ್ಮ ಗಂಭೀರ ಸಿನಿಮಾ ವಿಮರ್ಶೆ ಬೆಳೆದದ್ದು ವಾಸ್ತವವಾದದ ನೆರಳಿನಲ್ಲಿ. 'ಪಥೇರ್ ಪಾಂಚಾಲಿ' (1955) ಹಾಕಿಕೊಟ್ಟ ದಾರಿ ಅದು. ಕನ್ನಡದ ನವ್ಯ ಸಿನಿಮಾ ಕೂಡ ಅದೇ ಹಾದಿಯಲ್ಲಿ ಬಂತು. ಅಲ್ಲಿ ಹಾಡು, ಕುಣಿತ ಎಂದರೆ ವ್ಯಾಪಾರಿ ಚಿತ್ರದ ಲಕ್ಷಣ. ವ್ಯಾಪಾರಿ ಚಿತ್ರದವರಿಗೋ, 'ಕಲ್ಪನಾ' ಸೋತ ಸರಕು. ಕುಣಿತವೇ ತುಂಬಿದ, ಆದರೆ ವ್ಯಾಪಾರಕ್ಕೆ ಒಗ್ಗದ ಚಿತ್ರವನ್ನು ಯಾವ ಪಟ್ಟಿಯಲ್ಲಿ ಬರೆಯುವುದು ಎಂದು ಎರಡೂ ಕಡೆಯವರಿಗೆ ತೋಚಲಿಲ್ಲ.

ಶೀರ್ಷಿಕೆಯ ಸಣ್ಣ ಅಕ್ಷರಗಳಲ್ಲಿ ಉಳಿದವರು

ಹಾಗೆಂದು 'ಕಲ್ಪನಾ' ಮತ್ತು ಅಲ್ಮೋರಾದ ಪ್ರಭಾವ ಇಲ್ಲವಾಯಿತು ಎನ್ನುವಂತಿಲ್ಲ. ಅದನ್ನು ನಾಯಕ-ನಾಯಕಿಯರ ಹೆಸರುಗಳ ಸಾಲಿನಲ್ಲಿ ಹುಡುಕಬಾರದು, 'ನೃತ್ಯ' ಎಂಬ ಪದದ ಮುಂದಿನ ಸಣ್ಣ ಅಕ್ಷರಗಳಲ್ಲಿ ಹುಡುಕಬೇಕು. ರಾಜ್ ಕಪೂರ್ ಅವರ 'ಆವಾರಾ' (1951) ಚಿತ್ರದ ಪ್ರಸಿದ್ಧ ಕನಸಿನ ದೃಶ್ಯವನ್ನು ನೆನಪಿಸಿಕೊಳ್ಳಿ: ಮೋಡಗಳ ನಡುವೆ ಮೆಟ್ಟಿಲುಗಳು, ನರಕದ ಜ್ವಾಲೆ, ದೈತ್ಯ ವಿಗ್ರಹಗಳು. ಆ ದೃಶ್ಯದ ನೃತ್ಯ ಸಂಯೋಜನೆ ಉದಯ ಶಂಕರರ ಜೊತೆಗಾತಿಯಾಗಿದ್ದ ಸಿಮ್ಕಿ ಅವರದು. ಅಲ್ಮೋರಾದಲ್ಲಿ ಕಲಿಸುತ್ತಿದ್ದ ಜೊಹ್ರಾ ಸೆಹಗಲ್ ಪೃಥ್ವಿ ಥಿಯೇಟರ್ ಸೇರಿದರು, ಸಿನಿಮಾಗಳಿಗೆ ನೃತ್ಯ ಸಂಯೋಜಿಸಿದರು. ಶಾಂತಿ ಬರ್ಧನ್ ಇಪ್ಟಾದ ಕೇಂದ್ರ ತಂಡ ಸೇರಿದರು. ಮುಂದೆ ಲಿಟ್ಲ್ ಬ್ಯಾಲೆ ಟ್ರೂಪ್ ಕಟ್ಟಿ, ಬೊಂಬೆಯಾಟದ ಚಲನೆಯಲ್ಲಿ ರಾಮಾಯಣ ಮಾಡಿದರು.

ನಮ್ಮ ನಾಡಿಗೆ ಹತ್ತಿರದ ಎಳೆಯೂ ಒಂದಿದೆ. 1925ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ವಸಂತಕುಮಾರ ಶಿವಶಂಕರ ಪಡುಕೋಣೆ ಎಂಬ ಹುಡುಗ, ಹದಿಹರೆಯದಲ್ಲಿ ಅಲ್ಮೋರಾಕ್ಕೆ ಹೋಗಿ 1944ರವರೆಗೆ ಉದಯ ಶಂಕರರ ಬಳಿ ಕಲಿತ. ಆಮೇಲೆ ಪುಣೆಯ ಪ್ರಭಾತ್ ಕಂಪನಿ ಸೇರಿದ. ನಾವು ಅವರನ್ನು ಗುರುದತ್ ಎಂದು ಬಲ್ಲೆವು. ಅವರ ಮೊದಲ ಚಿತ್ರ 'ಬಾಜಿ'ಗೆ (1951) ನೃತ್ಯ ಸಂಯೋಜಿಸಿದವರು ಜೊಹ್ರಾ ಸೆಹಗಲ್. ಗುರುದತ್ ಹಾಡುಗಳನ್ನು ಚಿತ್ರಿಸುವಾಗ ಕಥೆ ನಿಲ್ಲುವುದಿಲ್ಲ, ಹಾಡಿನೊಳಗೇ ನಡೆಯುತ್ತದೆ ಎಂದು ವಿಮರ್ಶಕರು ಹೇಳುತ್ತಲೇ ಬಂದಿದ್ದಾರೆ. ಈ ಗುಣದ ಬೇರು ಅಲ್ಮೋರಾದಲ್ಲೂ ಇರಬೇಕು ಎಂಬುದು ನನ್ನ ಊಹೆ. ಬೆಳಕಿನ ಕೋಲಿನೊಳಗೆ ಒಂಟಿಯಾಗಿ ನಿಲ್ಲುವ ಕಲಾವಿದ, ಅವನನ್ನು ಹೊರಗಟ್ಟುವ ವ್ಯಾಪಾರಿ ಲೋಕ: 'ಕಾಗಜ್ ಕೆ ಫೂಲ್'ನ ಈ ಚಿತ್ರವನ್ನೂ 'ಕಲ್ಪನಾ'ದ ನಿರ್ಮಾಪಕನ ಕೋಣೆಯನ್ನೂ ಒಂದಾದ ಮೇಲೊಂದು ನೋಡಿದರೆ, ಗುರು-ಶಿಷ್ಯರಿಬ್ಬರೂ ಒಂದೇ ಗಾಯದ ಬಗ್ಗೆ ಮಾತಾಡುತ್ತಿರುವಂತೆ ಕಾಣುತ್ತದೆ.

ಕುಣಿತಕ್ಕೆ ಹಸ್ತಪ್ರತಿ ಇಲ್ಲ

ಹಳೆಯ ಕಾವ್ಯದ ಪಾಠ ಹುಡುಕುವವರಿಗೆ ತಾಳೆಗರಿಗಳಿವೆ. ಹಾಡಿಗೆ ಸ್ವರಲಿಪಿ ಇದೆ, ಗ್ರಾಮಫೋನ್ ತಟ್ಟೆಗಳಿವೆ. ನೃತ್ಯದ ಸ್ಥಿತಿ ಬೇರೆ. ಕುಣಿದವರ ಮೈ ಮುಪ್ಪಾದಾಗ ಕುಣಿತವೂ ಮುಪ್ಪಾಗುತ್ತದೆ. ಶಿಷ್ಯರು ಎತ್ತಿಕೊಂಡಷ್ಟು ಉಳಿಯುತ್ತದೆ, ಎತ್ತಿಕೊಳ್ಳುವಾಗ ಬದಲಾಗುತ್ತದೆ. ಅಲ್ಮೋರಾದಲ್ಲಿ ರೂಪುಗೊಂಡ ನೃತ್ಯ ಹೇಗಿತ್ತು ಎಂಬುದಕ್ಕೆ ಪತ್ರಿಕೆಯ ವಿಮರ್ಶೆ, ಛಾಯಾಚಿತ್ರ, ನೆನಪುಗಳ ಆಚೆಗೆ ದೊಡ್ಡ ಸಾಕ್ಷಿ 'ಕಲ್ಪನಾ' ಒಂದೇ. ಈ ಚಿತ್ರ ಹೋಗಿದ್ದರೆ ಒಂದು ಸಿನಿಮಾದ ಜೊತೆಗೆ ಒಂದು ಇಡೀ ನೃತ್ಯಪದ್ಧತಿಯ ಮೂಲಪಾಠವೂ ಹೋಗುತ್ತಿತ್ತು.

ಹೋಗುವ ಸಾಧ್ಯತೆ ಸಾಕಷ್ಟು ಇತ್ತು. ಭಾರತದಲ್ಲಿ ತಯಾರಾದ ಸುಮಾರು 1700 ಮೂಕಿಚಿತ್ರಗಳಲ್ಲಿ ಉಳಿದಿರುವುದು ಬೆರಳೆಣಿಕೆಯಷ್ಟು. 'ಆಲಂ ಆರಾ'ದ ಪ್ರತಿ ಇಲ್ಲ. ನಮ್ಮ ಮೊದಲ ವಾಕ್ಚಿತ್ರ, ವೈ.ವಿ. ರಾವ್ ನಿರ್ದೇಶಿಸಿದ, ಸುಬ್ಬಯ್ಯ ನಾಯ್ಡು ಮತ್ತು ಆರ್. ನಾಗೇಂದ್ರರಾಯರು ನಟಿಸಿದ 'ಸತಿ ಸುಲೋಚನಾ' (1934) ಕೂಡ ಇಂದು ನೋಡಲು ಸಿಗುವುದಿಲ್ಲ. ಕಂಪನಿ ನಾಟಕದ ಕಲಾವಿದರು ಆಗಿನ ಕಾಲದಲ್ಲಿ ಹೇಗೆ ನಿಂತು ಹಾಡುತ್ತಿದ್ದರು, ಹಾಡುವಾಗ ಕೈ ಎಲ್ಲಿರುತ್ತಿತ್ತು, ಕ್ಯಾಮೆರಾದ ಮುಂದೆ ಬಂದಾಗ ರಂಗದ ಅಭ್ಯಾಸ ಎಷ್ಟು ಬದಲಾಯಿತು? ಕನ್ನಡ ರಂಗಭೂಮಿಯ ಯಾವ ವಿದ್ಯಾರ್ಥಿಗೂ ಬೇಕಾದ ಈ ಪ್ರಶ್ನೆಗಳಿಗೆ ಉತ್ತರ ಆ ಸುರುಳಿಗಳ ಜೊತೆಗೇ ಹೋಯಿತು.

'ಕಲ್ಪನಾ' ಉಳಿಯಿತು. 1964ರಲ್ಲಿ ಪುಣೆಯಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದಲ್ಲಿ ಅದರ ಒಂದು ನಕಲು ನೆಗೆಟಿವ್ ಮತ್ತು ಒಂದು ಪ್ರಿಂಟ್ ಇದ್ದವು. ಗೆದ್ದದ್ದು, ಸೋತದ್ದು ಎಂಬ ಭೇದವಿಲ್ಲದೆ ಸಿಕ್ಕಿದ್ದನ್ನೆಲ್ಲ ಕೂಡಿಟ್ಟ ಪಿ.ಕೆ. ನಾಯರ್ ಅವರಂಥವರು ಕಟ್ಟಿದ ಸಂಗ್ರಹಾಲಯ ಅದು. ಆ ಪ್ರತಿಗಳನ್ನು ಆಧರಿಸಿ, ಮಾರ್ಟಿನ್ ಸ್ಕಾರ್ಸೆಸಿ ಸ್ಥಾಪಿಸಿದ ವರ್ಲ್ಡ್ ಸಿನಿಮಾ ಫೌಂಡೇಶನ್ ಇಟಲಿಯ ಬೊಲೋನ್ಯಾದ ಪ್ರಯೋಗಾಲಯದಲ್ಲಿ ಚಿತ್ರವನ್ನು ಪುನರುಜ್ಜೀವನಗೊಳಿಸಿತು. ಇದೇ ಸ್ಕಾರ್ಸೆಸಿ 'ದ ರೆಡ್ ಶೂಸ್'ನ ಪುನರುಜ್ಜೀವನಕ್ಕೂ ಓಡಾಡಿದವರು. 2012ರಲ್ಲಿ ಕಾನ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ 'ಕಲ್ಪನಾ' ಮತ್ತೆ ತೆರೆಯ ಮೇಲೆ ಬಂದಾಗ, ತೊಂಬತ್ತು ದಾಟಿದ್ದ ಅಮಲಾ ಶಂಕರ್ ಸಭಾಂಗಣದಲ್ಲಿದ್ದರು.

ಹೀಗೆ ಪಾರಾದ ಚಿತ್ರವನ್ನು ನೋಡುವುದು ಹೇಗೆ? ಕಥೆಯನ್ನು ಹಿಂಬಾಲಿಸಿ ಹೋದರೆ ಬೇಸರವಾಗುತ್ತದೆ. ಕವನ ಸಂಕಲನ ಓದುವಂತೆ ನೋಡಬಹುದು: ಒಂದು ನೃತ್ಯ, ಸ್ವಲ್ಪ ವಿರಾಮ, ಮತ್ತೆ ಹಿಂದಕ್ಕೆ ಹೋಗಿ ಅದೇ ನೃತ್ಯ. ಮೊದಲ ಸಲ ನರ್ತಕರನ್ನು ನೋಡಿ, ಎರಡನೆಯ ಸಲ ಕ್ಯಾಮೆರಾ ಎಲ್ಲಿದೆ ಎಂದು ನೋಡಿ, ಮೂರನೆಯ ಸಲ ಕಣ್ಣು ಮುಚ್ಚಿ ಶಿರಾಲಿಯವರ ವಾದ್ಯವೃಂದ ಕೇಳಿ. ನನ್ನ ಗೆಳೆಯರಲ್ಲೊಬ್ಬಳು ಯಂತ್ರದ ನೃತ್ಯವನ್ನು ಹೀಗೆ ಮೂರು ಸಲ ನೋಡಿದ ಮೇಲೆ, ತನ್ನ ಕಾಲ್ ಸೆಂಟರ್ ಕೆಲಸದ ದಿನಗಳು ನೆನಪಾದವು ಎಂದಳು. 1948ರ ಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ವಿಮರ್ಶೆ ನಾನು ಬರೆಯಲಾರೆ.

ಕನ್ನಡದಲ್ಲೂ ಈ ಕಣ್ಣಿನಿಂದ ಮತ್ತೆ ನೋಡಬೇಕಾದ ಚಿತ್ರಗಳಿವೆ. ಅ.ನ.ಕೃ. ಅವರ ಕಾದಂಬರಿಯಿಂದ ಹುಟ್ಟಿದ, ಭೀಮಸೇನ ಜೋಶಿಯವರ ಕಂಠವಿರುವ 'ಸಂಧ್ಯಾರಾಗ' (1966), ತ.ರಾ.ಸು. ಕಾದಂಬರಿಯನ್ನು ಆಧರಿಸಿ ಜಿ.ವಿ. ಅಯ್ಯರ್ ಮಾಡಿದ, ಬಾಲಮುರಳಿಕೃಷ್ಣರಿಗೆ ರಾಷ್ಟ್ರಪ್ರಶಸ್ತಿ ತಂದ 'ಹಂಸಗೀತೆ' (1975). ಶಿವಮೊಗ್ಗ ಸುಬ್ಬಣ್ಣನವರಿಗೆ ಅದೇ ಗೌರವ ತಂದ ಕಂಬಾರರ 'ಕಾಡುಕುದುರೆ'. ಇವುಗಳ ಹಾಡುಗಳನ್ನು ನಾವು ಮೊಬೈಲಿನಲ್ಲಿ ಕೇಳುತ್ತೇವೆ. ಚಿತ್ರಗಳನ್ನು ಇಡಿಯಾಗಿ ನೋಡಿದವರು ನನ್ನ ತಲೆಮಾರಿನಲ್ಲಿ ಕಡಿಮೆ. ಹಾಡು ಚಿತ್ರದಿಂದ ಕಳಚಿಕೊಂಡು ಬದುಕುವುದು ಹಾಡಿಗೆ ಗೆಲುವು, ಚಿತ್ರಕ್ಕೆ ಅಪಾಯ. ಹಾಡು ಸಿಕ್ಕಿತಲ್ಲ ಎಂದು ಚಿತ್ರದ ಪ್ರತಿಯನ್ನು ಹುಡುಕುವವರೇ ಇಲ್ಲವಾಗುತ್ತಾರೆ.

ಸಿನಿಮಾ ಸಂಘಗಳಲ್ಲಿರುವ ವಿದ್ಯಾರ್ಥಿ ಮಿತ್ರರು ಈ ವರ್ಷದ ಪಟ್ಟಿಯಲ್ಲಿ ಇಂಥ ಒಂದು ಚಿತ್ರಕ್ಕೆ ಜಾಗ ಕೊಡಬಹುದು. ಅದರ ಒಳ್ಳೆಯ ಪ್ರತಿ ಎಲ್ಲಿದೆ ಎಂದು ನಿರ್ಮಾಪಕರ ಮನೆಯವರನ್ನು, ಸಂಗ್ರಹಾಲಯವನ್ನು ಕೇಳಬಹುದು. ನೆಗೆಟಿವ್ ಇನ್ನೂ ಉಳಿದಿದೆಯೇ ಎಂಬ ಪ್ರಶ್ನೆಯನ್ನು, ಅದು ಉಳಿದಿರುವಾಗಲೇ ಕೇಳಬೇಕು.